ಜೋಳ ಬೆಳೆಯುವ ನಾಡಿನಲ್ಲಿ ರಕ್ತಹೀನತೆ ಏಕೆ? ಗದಗಿನಿಂದ ಉತ್ತರ

‘ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ’ ಎನ್ನುವ ಊರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ರಕ್ತ ಕಡಿಮೆ ಏಕೆ ಎಂದು ಕೇಳಿದ್ದೀರಿ. ಗಾದೆ ಸುಳ್ಳಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಆದರೆ ಗಂಗಾಳಕ್ಕೆ ಏನು ಬೀಳಬೇಕೆಂದು ತೀರ್ಮಾನಿಸುವುದು ಮನೆಯ ದುಡ್ಡು. ದುಡ್ಡು ಎಷ್ಟು ಬಂತು ಎಂಬುದರಷ್ಟೇ, ಯಾವ ತಿಂಗಳು ಬಂತು ಎಂಬುದೂ ಇಲ್ಲಿ ಮುಖ್ಯ.

ಗದಗ, ರೋಣ, ನರಗುಂದದ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಹೆಸರು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಬೀಜ–ಗೊಬ್ಬರದ ಸಾಲ ಅಷ್ಟರಲ್ಲಿ ಬಾಗಿಲಿಗೆ ಬಂದಿರುತ್ತದೆ, ಹಿಂಗಾರಿ ಬಿತ್ತನೆಗೂ ಹಣ ಬೇಕು. ಎಲ್ಲರೂ ಒಮ್ಮೆಗೇ ಎಪಿಎಂಸಿಗೆ ಒಯ್ಯುತ್ತಾರೆ, ದರ ಬೀಳುತ್ತದೆ. ಬಿದ್ದ ದರದಲ್ಲಿ ಸಾಲ ತೀರಿಸಲು ಇನ್ನೂ ನಾಲ್ಕು ಚೀಲ ಹೆಚ್ಚು ಮಾರಬೇಕಾಗುತ್ತದೆ. ಮನೆಗೆಂದು ಎತ್ತಿಟ್ಟದ್ದೂ ಗಾಡಿ ಏರುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಹೆಸರುಕಾಳನ್ನು ಕಿರಾಣಿ ಅಂಗಡಿಯಿಂದ ಉದ್ರಿಯಲ್ಲಿ ತರುತ್ತಾರೆ. ಕಾಳು ಬೆಳೆದವರ ಮಕ್ಕಳಿಗೇ ಕಾಳು ಸಿಗದಿರುವುದು ನನಗೆ ಸಹಿಸಲಾಗದ ಸಂಗತಿ.

ಎಳ್ಳಮಾವಾಸ್ಯೆಗೆ ಬಂದವರು ಕಡಬು, ಎಣ್ಣೆಗಾಯಿ, ಕಾಳಿನ ಪಲ್ಲೆ ನೋಡಿ ಇದೇ ನಮ್ಮ ದಿನದ ಊಟ ಎಂದುಕೊಳ್ಳುತ್ತಾರೆ. ಜೂನ್–ಜುಲೈನಲ್ಲಿ ಬಂದು ನೋಡಿ. ಬಿತ್ತನೆಯ ಖರ್ಚು, ಶಾಲೆಯ ಖರ್ಚು ಒಟ್ಟಿಗೆ ಬರುವ ತಿಂಗಳುಗಳವು. ಆಗಲೂ ಹೊಟ್ಟೆ ತುಂಬುತ್ತದೆ. ಅನ್ನಭಾಗ್ಯದ ಅಕ್ಕಿಯ ಉಪಕಾರ ದೊಡ್ಡದು, ಅದನ್ನು ಹೀಗಳೆಯುವವರ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಆದರೆ ಪಲ್ಲೆ ತೆಳ್ಳನೆಯ ಸಾರಾಗುತ್ತದೆ. ಎಮ್ಮೆಯ ಹಾಲು ಡೇರಿಗೆ ಹೋಗಿ ಮನೆಗೆ ಚಹಾಕ್ಕಷ್ಟೇ ಉಳಿಯುತ್ತದೆ. ಶೇಂಗಾ ಹಿಂಡಿಯ ಜಾಗಕ್ಕೆ ಬರಿ ಖಾರ, ಉಳ್ಳಾಗಡ್ಡಿ ಬರುತ್ತವೆ. 2023–24ರಲ್ಲಿ ತೊಗರಿಬೇಳೆ ಕಿಲೋಗೆ 150 ರೂಪಾಯಿ ದಾಟಿದಾಗ ಕೂಲಿಕಾರರ ಮನೆಗಳಲ್ಲಿ ಬೇಳೆ ಬೇಯಿಸುವ ದಿನಗಳು ಕಡಿಮೆಯಾದವು. ತಾಂಡಾಗಳಿಂದ ಗೋವಾಕ್ಕೆ ದುಡಿಯಲು ಹೋದವರ ಮಕ್ಕಳು ಅಜ್ಜಿಯ ಬಳಿ ಇರುತ್ತಾರೆ; ಅಲ್ಲಿ ಅಡುಗೆ ಇನ್ನೂ ಸರಳ.

ರೊಟ್ಟಿಗೆ ಹೊತ್ತೂ ಬೇಕು. ಜೋಳ ಕೊಳ್ಳಬೇಕು, ಹಸನು ಮಾಡಬೇಕು, ಗಿರಣಿಗೆ ಒಯ್ಯಬೇಕು, ನಸುಕಿನಲ್ಲೆದ್ದು ಬಡಿಯಬೇಕು. ಬೆಳಿಗ್ಗೆ ಕಳೆ ತೆಗೆಯಲು ಹೋಗುವ ಹೆಂಗಸು ಪುಕ್ಕಟೆ ಅಕ್ಕಿಯನ್ನು ಒಲೆಗಿಟ್ಟರೆ ತಪ್ಪು ಅವಳದಲ್ಲ. ಕಡೆಗೆ ಉಣ್ಣುವವಳೂ ಅವಳೇ. ಪಾತ್ರೆಯ ತಳದಲ್ಲಿ ಅಷ್ಟರಲ್ಲಿ ಸಾರಿನ ತಿಳಿ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 47.8ರಷ್ಟು ಮಹಿಳೆಯರಿಗೆ, ಐದು ವರ್ಷದೊಳಗಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು.

2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿಗೆ ನಾನು ಬೆಲೆ ಕೊಡುವುದು ಇದಕ್ಕೇ: ಅದು ಸುಗ್ಗಿಯನ್ನು ಕಾಯದೆ ತಿಂಗಳ ಲೆಕ್ಕದಲ್ಲಿ, ಹೆಂಗಸಿನ ಹೆಸರಿಗೇ ಬರಬೇಕಾದ ಹಣ. ಕಂತು ತಡವಾದರೆ ಮೊದಲು ನಿಲ್ಲುವುದು ಮೊಟ್ಟೆ, ಬೇಳೆ. ಅದರ ಜೊತೆಗೆ ಸುಗ್ಗಿಯಲ್ಲೇ ಇಲ್ಲಿಯ ಹೆಸರು, ಜೋಳವನ್ನು ಸರ್ಕಾರ ಬೆಂಬಲ ಬೆಲೆಗೆ ಕೊಂಡು, ಮಳೆಗಾಲದಲ್ಲಿ ಇಲ್ಲಿಯ ಪಡಿತರ ಅಂಗಡಿಗಳಲ್ಲೇ ಕೊಡಬೇಕು.