ಮನೆತುಂಬ ವೈಫೈ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ವೈಫೈ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳದ್ದು ಒಂದೇ ದೂರು: ಹಾಲಿನಲ್ಲಿ ಚೆನ್ನಾಗಿದೆ, ರೂಮಿನಲ್ಲಿ ಇಲ್ಲ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನಮ್ಮದು 30×40 ಸೈಟಿನಲ್ಲಿ ಕಟ್ಟಿದ ಡ್ಯೂಪ್ಲೆಕ್ಸ್ ಮನೆ. ಫೈಬರ್ ಕಂಪನಿಯವರು ಡಬ್ಬವನ್ನು (ವೈಫೈ ರೂಟರೂ ಅದರಲ್ಲೇ ಇದೆ) ಕೆಳಗೆ ಟಿವಿ ಹಿಂದೆ ಕೂರಿಸಿ ಹೋಗಿದ್ದಾರೆ. 200 ಎಂಬಿಪಿಎಸ್ ಪ್ಲ್ಯಾನ್. ಮೇಲಿನ ಹಿಂಬದಿ ರೂಮಿನಲ್ಲಿ ಮಗಳು ಆಫೀಸ್ ಕೆಲಸ ಮಾಡುತ್ತಾಳೆ, ವಿಡಿಯೊ ಕಾಲ್ ಪದೇಪದೇ ನಿಲ್ಲುತ್ತದೆ. ಪ್ಲ್ಯಾನ್ ಏರಿಸಬೇಕೆ, ದುಬಾರಿ ರೂಟರ್ ತರಬೇಕೆ, ಮೆಷ್ (ಸೇರಿ ಒಂದೇ ವೈಫೈ ಹರಡುವ ಘಟಕಗಳ ಗುಂಪು) ಹಾಕಿಸಬೇಕೆ? (ಮೈಸೂರು)

ಪ್ಲ್ಯಾನ್ ಏರಿಸಬೇಡಿ. ಒಂದು ವಿಡಿಯೊ ಕಾಲ್‌ಗೆ 4 ಎಂಬಿಪಿಎಸ್ ಇದ್ದರೆ ಧಾರಾಳ. ಮನೆಗೆ ಬರುತ್ತಿರುವುದು ಬೇಕಾದಷ್ಟಿದೆ, ಅದು ಮಹಡಿ ಹತ್ತುತ್ತಿಲ್ಲ.

ಇದನ್ನೂ ಊಹೆಗೆ ಬಿಡದೆ ಎರಡು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್‌ನಲ್ಲಿ ನೇರವಾಗಿ ಡಬ್ಬಕ್ಕೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. 180ರಿಂದ 200 ಬಂದರೆ ಲೈನ್ ಸರಿಯಿದೆ. 94ರ ಆಸುಪಾಸಿನಲ್ಲೇ ನಿಂತರೆ ಆ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ಕೂಡಿಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು, ನಾಲ್ಕೇ ಎಳೆ ಕೂಡಿದರೆ ತೆಪ್ಪಗೆ 100ಕ್ಕೆ ಇಳಿಯುತ್ತದೆ. ಕೆಲವು ಡಬ್ಬಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇರುತ್ತದೆ, ಆದ್ದರಿಂದ ಬೇರೆ ಪೋರ್ಟಿಗೂ ಹಾಕಿ ನೋಡಿ. ಎರಡನೆಯದು ಸಿಗ್ನಲ್ ಅಳೆಯುವುದು. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿಕೊಂಡು ಮಗಳ ಮೇಜಿನ ಬಳಿ ನಿಲ್ಲಿ. ಲೆಕ್ಕ ಮೈನಸ್‌ನಲ್ಲಿ ಬರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -50 ಡಿಬಿಎಂ ಭರ್ಜರಿ, -67ರವರೆಗೆ ಕಾಲ್ ನಿರಾತಂಕ, -75 ದಾಟಿದರೆ ಮಾತು ತುಂಡಾಗುವುದು ಖಚಿತ. ಫೋನಿನ ಗೀಟುಗಳನ್ನು ನಂಬಬೇಡಿ. ಡಬ್ಬದ ಮಾತು ಫೋನಿಗೆ ಕೇಳಿಸಿದರೂ, ಫೋನಿನ ಸಣ್ಣ ಆಂಟೆನಾದ ಮಾತು ಡಬ್ಬಕ್ಕೆ ಕೇಳಿಸದಿರಬಹುದು.

ಇನ್ನು ಜಾಗ. ಟಿವಿ ಹಿಂದೆ ಡಬ್ಬ ಇಡುವುದು ಅಳವಡಿಸುವವರಿಗೆ ಅನುಕೂಲ, ನಿಮಗಲ್ಲ. ಟಿವಿಯ ಲೋಹದ ಬೆನ್ನು ಒಂದು ಕಡೆ ಅಡ್ಡ, ಮೇಲೆ ಕಬ್ಬಿಣದ ಜಾಲವಿರುವ ಸ್ಲ್ಯಾಬ್. ಡ್ಯೂಪ್ಲೆಕ್ಸ್‌ನಲ್ಲಿ ಸಿಗ್ನಲ್‌ಗೆ ತೆರೆದ ದಾರಿ ಎಂದರೆ ಮೆಟ್ಟಿಲಿನ ಬಾಯಿ. ಡಬ್ಬವನ್ನು ಅದರ ಬಳಿ, ನೆಲದಿಂದ ಐದಾರು ಅಡಿ ಮೇಲೆ ಇಟ್ಟರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಕಳೆಯಬಹುದು. ಹೊರಗೆ ಕಾಣುವ ಆಂಟೆನಾ ತನ್ನ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ತುದಿಯ ನೇರಕ್ಕೆ ತೀರಾ ಕಡಿಮೆ. ಹಾಗಾಗಿ ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ. ಫೈಬರ್ ಎಳೆಯನ್ನು ನೀವೇ ಎಳೆದಾಡಬೇಡಿ. 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಮಡಿಸಿದರೆ ಬೆಳಕು ಸೋರಿ ಕೆಂಪು ದೀಪ ಹತ್ತಬಹುದು.

ಇಷ್ಟಾದರೂ ಮೇಜಿನ ಬಳಿ -67 ಬಾರದಿದ್ದರೆ ನಮ್ಮ ಸಲಹೆ ಒಂದೇ: ಕೆಳಗಿನಿಂದ ಮೇಲಕ್ಕೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಅದರ ಮೇಲಿನ ತುದಿಗೆ ಸಾಧಾರಣ ಬೆಲೆಯ ವೈಫೈ 6 ರೂಟರ್ ಹಾಕಿ. ಆಂಟೆನಾ ಎಂಟಿರುವ ದುಬಾರಿ ರೂಟರ್ ಕೆಳಗಿದ್ದರೆ ಸ್ಲ್ಯಾಬ್ ತೆಳುವಾಗುವುದಿಲ್ಲವಲ್ಲ. ಮೇಲಿನದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರಿನ ಕೆಲಸ ಬಿಟ್ಟು ವೈಫೈ ಮಾತ್ರ ಹರಡುವ ಸ್ಥಿತಿ) ಬದಲಿಸಿ. ಆ ಆಯ್ಕೆ ಇಲ್ಲದಿದ್ದರೆ ಮೊದಲು ಅದರ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೆಳಗಿನ ಡಬ್ಬದ ಸಾಲಿನಲ್ಲೇ, ಆದರೆ ಕೊನೆಯ ಸಂಖ್ಯೆ ಬೇರೆಯಾಗುವಂತೆ ಬದಲಿಸಿ, ಆಮೇಲೆ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಇಂಟರ್‌ನೆಟ್) ಪೋರ್ಟಿಗೆ ಬದಲು ಲ್ಯಾನ್ ಪೋರ್ಟಿಗೆ ಹಾಕಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇರಲಿ. ಚಾನೆಲ್ (ಸಿಗ್ನಲ್ ಸಾಗುವ ದಾರಿ) ಮಾತ್ರ ಬೇರೆಬೇರೆ. ವೈಫೈ ನಡೆಯುವುದು ಎರಡು ತರಂಗಪಟ್ಟಿಗಳಲ್ಲಿ: 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 1, ಮೇಲೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149, ಅಗಲ 80. ಮೇಲೆ ಹೋದರೂ ಫೋನ್ ಕೆಳಗಿನದನ್ನೇ ಹಿಡಿದುಕೊಂಡಿದ್ದರೆ ಕೆಳಗಿನದರ ಟ್ರಾನ್ಸ್‌ಮಿಟ್ ಪವರ್ (ಸಿಗ್ನಲ್ ಕಳಿಸುವ ಬಲ) ಮೀಡಿಯಂಗೆ ಇಳಿಸಿ. ಯಾವುದಕ್ಕೆ ಅಂಟಿಕೊಳ್ಳಬೇಕೆಂದು ತೀರ್ಮಾನಿಸುವುದು ಫೋನೇ.

ಗೋಡೆ ಕೊರೆಯಲು, ಕೇಬಲ್ ಎಳೆಯಲು ಆಗುವುದೇ ಇಲ್ಲ ಎಂದರೆ ಮೆಷ್. ಎರಡು ಘಟಕ ಸಾಕು, ಮೂರರ ಪ್ಯಾಕ್ ಬೇಡ. ಮೇಲಿನ ಘಟಕವನ್ನು ಸಿಗ್ನಲ್ ಇಲ್ಲದ ರೂಮಿನೊಳಗೆ ಇಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಅದಕ್ಕೇ ಏನೂ ಸಿಗದು. ಮೆಟ್ಟಿಲ ಮೇಲ್ತುದಿಯಲ್ಲಿ, ಕೆಳಗಿನದರ ಸಿಗ್ನಲ್ -60ರಿಂದ -65 ಇರುವಲ್ಲಿ ಇಡಿ. ಕಂಪನಿಯ ಡಬ್ಬದ ವೈಫೈ ಆಫ್ ಮಾಡಿ, ಮೆಷ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಎರಡೂ ರೂಟರ್ ಕೆಲಸ ಮಾಡಿ ಡಬಲ್ ನ್ಯಾಟ್ (ವಿಳಾಸ ಬದಲಿಸುವ ಕೆಲಸ ಎರಡು ಸಲ ನಡೆಯುವುದು) ಆಗುತ್ತದೆ. ಬ್ರೌಸಿಂಗ್ ನಡೆದೀತು, ಹೊರಗಿನಿಂದ ಸಿಸಿಟಿವಿ ನೋಡುವುದು, ಕೆಲವು ಆನ್‌ಲೈನ್ ಆಟ, ಕೆಲವು ಆಫೀಸುಗಳ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಗುಟ್ಟಿನ ಸಂಪರ್ಕ) ಕೈಕೊಡುತ್ತವೆ.

ರೇಂಜ್ ಎಕ್ಸ್‌ಟೆಂಡರ್ ಹಾಕಿದ ಮೇಲೆ ಸಿಗ್ನಲ್ ಪೂರ್ತಿ ತೋರಿಸುತ್ತದೆ, ಸ್ಪೀಡ್ ಮಾತ್ರ 20 ದಾಟುವುದಿಲ್ಲ. ಯಂತ್ರ ಕೆಟ್ಟಿದೆಯೆ? (ಕಲಬುರಗಿ)

ಕೆಟ್ಟಿಲ್ಲ. ಫೋನ್ ತೋರಿಸುತ್ತಿರುವುದು ತನಗೂ ಎಕ್ಸ್‌ಟೆಂಡರಿಗೂ ನಡುವಿನ ಸಿಗ್ನಲ್, ಎಕ್ಸ್‌ಟೆಂಡರಿಗೂ ರೂಟರಿಗೂ ನಡುವಿನದಲ್ಲ. ಅಗ್ಗದ ಮಾದರಿಗಳು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. 2.4 ಮಾತ್ರ ಇರುವ ಮಾದರಿಯಾದರೆ ನಿಮ್ಮ 20 ಸಹಜವೇ. ರೂಟರಿಗೆ ಇನ್ನೊಂದು ಗೋಡೆಯಷ್ಟು ಹತ್ತಿರಕ್ಕೆ ಸರಿಸಿ ನೋಡಿ. ಲ್ಯಾನ್ ಪೋರ್ಟ್ ಇದ್ದರೆ, ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದೆಯೇ ಹುಡುಕಿ; ಇದ್ದರೆ ಕೇಬಲ್ ಕೊಟ್ಟು ಅದನ್ನೇ ಬಳಸಬಹುದು.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗೋಡೆಗೆ ಪೈಪ್ ಹಾಕುವ ಹಂತ. ಇಂಟರ್‌ನೆಟ್‌ಗೆಂದು ಈಗಲೇ ಏನು ಮಾಡಿಸಿಡಬೇಕು? (ದಾವಣಗೆರೆ)

ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಪ್ಲಾಸ್ಟರ್ ಆದ ಮೇಲೆ ಇದೇ ಕೆಲಸಕ್ಕೆ ಗೋಡೆ ಒಡೆಯಬೇಕು.

ಮನೆಯ ನಡುವಿನ ಒಂದು ಜಾಗವನ್ನು ಕೇಂದ್ರವೆಂದು ಗೊತ್ತುಮಾಡಿ, ಅಲ್ಲಿಗೆ ಇನ್ವರ್ಟರ್ ಲೈನಿನ ಎರಡು ಸಾಕೆಟ್ ಕೊಡಿಸಿ. ಹೊರಗಿನಿಂದ ಫೈಬರ್ ಬರಲು ಕಾಂಪೌಂಡಿನಿಂದಲೋ ಟೆರೇಸಿನಿಂದಲೋ ಅಲ್ಲಿಗೇ ಒಂದು 25 ಎಂಎಂ ಪೈಪ್. ಅಲ್ಲಿಂದ ಟಿವಿ ಗೋಡೆಗೆ, ಓದುವ ಮೇಜಿಗೆ, ಪ್ರತಿ ಮಹಡಿಯ ಮಧ್ಯದ ಸೀಲಿಂಗಿಗೆ, ಕ್ಯಾಮೆರಾ ಬರುವ ಮೂಲೆಗಳಿಗೆ ಬೇರೆಬೇರೆ ಪೈಪ್. ತಿರುವಿನಲ್ಲಿ ಎಲ್ಬೊ ಬೇಡ, ಉದ್ದ ಬೆಂಡ್ ಇರಲಿ. ಖಾಲಿ ಪೈಪಿನಲ್ಲಿ ನೈಲಾನ್ ದಾರ ಬಿಟ್ಟಿರಿ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಲ್ಯಾನ್ ಕೇಬಲ್ ತುರುಕಲು ಎಲೆಕ್ಟ್ರಿಷಿಯನ್‌ಗೆ ಬಿಡಲೇಬೇಡಿ. ಅಕ್ಕಪಕ್ಕ ಸಾಗುವಲ್ಲಿ ಒಂದು ಅಡಿ ಅಂತರ, ದಾಟುವಲ್ಲಿ ಅಡ್ಡಡ್ಡ.

ಕೇಬಲ್ ವಿಚಾರದಲ್ಲಿ ಮೋಸ ಹೆಚ್ಚು. ಪೆಟ್ಟಿಗೆಯ ಮೇಲೆ ಸಿಸಿಎ ಎಂದಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಪದೇಪದೇ ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕೇಬಲ್‌ನಲ್ಲೇ ಕರೆಂಟ್ ಕಳಿಸಿದರೆ ದೂರದ ಕ್ಯಾಮೆರಾಗೆ ವೋಲ್ಟೇಜ್ ಸಾಲದು. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಶುದ್ಧ ತಾಮ್ರದ ಕ್ಯಾಟ್ 6, 305 ಮೀಟರಿನ ಒಂದು ಪೆಟ್ಟಿಗೆ ಎರಡಂತಸ್ತಿನ ಮನೆಗೆ ಸಾಮಾನ್ಯವಾಗಿ ಸಾಕು. ತುದಿಗಳಿಗೆ ಬಣ್ಣದ ಕ್ರಮ ಎರಡೂ ಕಡೆ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ರತಿ ಲೈನಿಗೂ ಲ್ಯಾಪ್‌ಟಾಪ್ ಹಾಕಿ 1 ಜಿಬಿಪಿಎಸ್ ತೋರಿಸಿದ ಮೇಲೆಯೇ ಹಣ ಕೊಡಿ.

ಒಂದು ಎಚ್ಚರಿಕೆ: ಅಂದಕ್ಕೆಂದು ವೈಫೈ ರೂಟರನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಡುವವರಿದ್ದಾರೆ. ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್‌ಗಳು ಬಂದು ಕೂಡುವ ಯಂತ್ರ), ಫೈಬರ್ ಡಬ್ಬ ಅಲ್ಲಿರಲಿ; ವೈಫೈ ಹೊರಡುವುದು ಮಾತ್ರ ಸೀಲಿಂಗಿನಿಂದ.

ನಮ್ಮದು ಹಳೆಯ ತೊಟ್ಟಿಮನೆ, ಒಂದೂವರೆ ಅಡಿಯ ಮಣ್ಣಿನ ಗೋಡೆ. ಮನೆಯಿಂದ 60 ಮೀಟರ್ ಆಚೆ ತೋಟದ ಅಂಚಿನಲ್ಲಿ ಅಡಿಕೆ ಗೋದಾಮು, ಅಲ್ಲಿಗೂ ಇಂಟರ್‌ನೆಟ್ ಬೇಕು. ಕೇಬಲ್ ಎಳೆಸಿದ್ದೆವು, ಸಿಡಿಲಿಗೆ ರೂಟರ್ ಸುಟ್ಟಿತು. (ಶಿರಸಿ)

ಎರಡು ಕಟ್ಟಡಗಳ ನಡುವೆ ತಾಮ್ರ ಬೇಡ. 60 ಮೀಟರ್ ಎಂಬುದು ಲ್ಯಾನ್ ಕೇಬಲಿನ 100 ಮೀಟರ್ ಮಿತಿಯೊಳಗೇ ಇದೆ ನಿಜ, ಆದರೆ ಹತ್ತಿರದಲ್ಲಿ ಸಿಡಿಲು ಬಡಿದರೂ ಆ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಯಂತ್ರಗಳನ್ನು ಕೊಲ್ಲುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿಗೂ ಲ್ಯಾನ್ ಕೇಬಲಿಗೂ ನಡುವೆ ಬದಲಿಸುವ ಯಂತ್ರ) ಹಾಕಿಸಿ. ಒಂದೇ ಎಳೆಯಲ್ಲಿ ಹೋಗಿಬರುವ ಮಾದರಿಯಾದರೆ ಒಂದು ಎ, ಇನ್ನೊಂದು ಬಿ ಇರಲೇಬೇಕು. ಎರಡೂ ಒಂದೇ ಬಗೆಯವಾದರೆ ದೀಪವೇ ಹತ್ತದು. ಕನ್ವರ್ಟರಿನ ಕನೆಕ್ಟರ್ ಸಾಮಾನ್ಯವಾಗಿ ನೀಲಿ, ಇಂಟರ್‌ನೆಟ್ ಕಂಪನಿಯ ಡಬ್ಬದ್ದು ಹಸಿರು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಗೆ ತುರುಕಿದರೆ ಬೆಳಕು ಸೋರುತ್ತದೆ.

ಕಂಬದಿಂದ ಕಂಬಕ್ಕೆ ಎಳೆಯುವ ಫೈಬರಿಗೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕೊಕ್ಕೆಗೆ ಕಟ್ಟಬೇಕು, ಒಳಕ್ಕೆ ತಂದರೆ ಫೈಬರ್ ಹಾಕಿದ್ದೂ ವ್ಯರ್ಥ. ಸಿಡಿಲಿಗೆ ಇನ್ನೊಂದು ದಾರಿ ಕರೆಂಟಿನ ಲೈನ್. ಅರ್ಥಿಂಗ್ ಸರಿಯಿಲ್ಲದ ಕಡೆ ಸರ್ಜ್ ಪ್ರೊಟೆಕ್ಟರ್ ಹೆಸರಿಗಷ್ಟೆ, ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳುವುದು ಭದ್ರ. ಗಾಳಿಯಲ್ಲಿ ಕಳಿಸುವ 5 ಗಿಗಾಹರ್ಟ್ಸ್ ಜೋಡಿ ಯಂತ್ರಗಳೂ ಇವೆ, ಆದರೆ ಮಧ್ಯೆ ಅಡಿಕೆ ಮರವಿದ್ದರೆ ಮಳೆಗಾಲದ ಒದ್ದೆ ಸೋಗೆ ಸಿಗ್ನಲನ್ನು ಕುಡಿದುಬಿಡುತ್ತದೆ.

ಮನೆಯೊಳಗೆ ನಿಮ್ಮ ತೊಟ್ಟಿಯೇ ಅನುಕೂಲ. ರೂಟರನ್ನು ತೊಟ್ಟಿಯತ್ತ ಮುಖ ಮಾಡಿದ ಜಗಲಿಯ ಕಂಬದ ಮೇಲೆ, ಮಳೆಯ ಎರಚಲು ತಾಗದಂತೆ ಇಡಿ. ಸಿಗ್ನಲ್ ಬಯಲು ದಾಟಿ ಬಾಗಿಲುಗಳಿಂದ ನಾಲ್ಕೂ ಪಾರ್ಶ್ವಕ್ಕೆ ನುಗ್ಗುತ್ತದೆ.

ಮೆಷ್ ಹಾಕಿದ ಮೇಲೆ ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಸೇರುತ್ತಲೇ ಇಲ್ಲ. (ಬೆಂಗಳೂರು)

ಅವು ಬಹುಮಟ್ಟಿಗೆ 2.4 ಮಾತ್ರ ಬಲ್ಲವು. ಮೆಷ್‌ನಲ್ಲಿ ಐಒಟಿ (ಸ್ಮಾರ್ಟ್ ಉಪಕರಣಗಳ) ಅಥವಾ ಗೆಸ್ಟ್ (ಅತಿಥಿಗಳ) ನೆಟ್‌ವರ್ಕ್ ತೆರೆದು 2.4ಕ್ಕೆ ಮಾತ್ರ ಸೀಮಿತ ಮಾಡಿ, ಭದ್ರತೆಯನ್ನು ಡಬ್ಲ್ಯುಪಿಎ 2ಕ್ಕೆ ಇಟ್ಟು, ಬಲ್ಬುಗಳನ್ನು ಅದಕ್ಕೇ ಸೇರಿಸಿ. ಫೋನ್, ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿರಲಿ. ಅಪಾರ್ಟ್‌ಮೆಂಟಿನಲ್ಲಿ 2.4 ಎಂದರೆ ಅಕ್ಕಪಕ್ಕದ ಹತ್ತಾರು ಮನೆಗಳ ಜೊತೆ ಹಂಚಿಕೆ, ಮೇಲಾಗಿ ಮೈಕ್ರೋವೇವ್ ಓವನ್ನಿನ ಕಾಟ.

ಕರೆಂಟ್ ಹೋದಾಗ ಇನ್ವರ್ಟರ್ ಇದ್ದರೂ ಇಂಟರ್‌ನೆಟ್ ಎರಡು ಮೂರು ನಿಮಿಷ ಇರುವುದಿಲ್ಲ. (ಹಾಸನ)

ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಡಬ್ಬ ಆರಿ ಮತ್ತೆ ಹತ್ತುತ್ತದೆ, ಆ ನಿಮಿಷಗಳು ಅದು ಎಚ್ಚೆತ್ತುಕೊಳ್ಳುವ ಹೊತ್ತು. ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲಿನ ಬರಹ ಓದಿ. ವೋಲ್ಟ್ ತಪ್ಪದೆ ಹೊಂದಬೇಕು (ಹೆಚ್ಚಿನವು 12), ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ಅಳತೆ ಮತ್ತು ಪ್ಲಸ್-ಮೈನಸ್ ಕೂಡ ಒಂದೇ ಆಗಿರಬೇಕು. ಫೈಬರ್ ಡಬ್ಬ, ರೂಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಎರಡು ಔಟ್‌ಪುಟ್ ಇರುವ ಮಾದರಿ ತನ್ನಿ, ಎರಡರ ಆಂಪಿಯರ್ ಕೂಡಿಸಿ ಲೆಕ್ಕ ಹಾಕಿ.