ಅಕ್ಷರ ಸಂದೇಹ: ಸೊನ್ನೆ, ಅನುಸ್ವಾರ ಮತ್ತು ಕಣ್ಣಿಗೆ ಕಾಣದ ಅಕ್ಷರ

ಪ್ರಶ್ನೆ: ನಮ್ಮ ಕಡೆಯ ಹಾಡುಗಳನ್ನು ಟೈಪ್ ಮಾಡಿ ಇಟ್ಟಿದ್ದೇನೆ, ಸುಮಾರು 200 ಪುಟ. ‘ಸಂಜೆ’ ಎಂದು ಹುಡುಕಿದರೆ ಕೆಲವು ಕಡೆ ಮಾತ್ರ ಸಿಗುತ್ತದೆ. ಪದ ಕಣ್ಣೆದುರೇ ಇದ್ದರೂ ಕಂಪ್ಯೂಟರ್ ಇಲ್ಲ ಎನ್ನುತ್ತದೆ. ಏಕೆ?
– ಓದುಗರು, ಶಿರಸಿ

ಉತ್ತರ: ಸಿಗದ ಕಡೆಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರಬೇಕು. ‘ಸಂಜೆ’, ‘ಸ೦ಜೆ’ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ; ಅನೇಕ ಫಾಂಟ್‌ಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅನುಸ್ವಾರಕ್ಕೆ ಒಂದು ಸಂಕೇತ, ಸೊನ್ನೆಗೆ ಇನ್ನೊಂದು. ಹುಡುಕುವಾಗ ಕಂಪ್ಯೂಟರ್ ಆಕಾರ ನೋಡುವುದಿಲ್ಲ, ಸಂಕೇತ ನೋಡುತ್ತದೆ. ಅನುಸ್ವಾರದ ಕೀಲಿ ಯಾವುದೆಂದು ತಿಳಿಯದವರು ಸೊನ್ನೆ ಒತ್ತಿ ಮುಂದೆ ಹೋಗುತ್ತಾರೆ. ಪುಸ್ತಕದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳೂ ಇದೇ ತಪ್ಪು ಮಾಡುವುದುಂಟು.

ಪರೀಕ್ಷೆ ಸುಲಭ. ಕಂಟ್ರೋಲ್ ಮತ್ತು ಎಫ್ ಒತ್ತಿ, ಬರೀ ಕನ್ನಡದ ಸೊನ್ನೆ (೦) ಹುಡುಕಿ. ಪದಗಳ ನಡುವೆ ಸಿಕ್ಕರೆ ರೋಗ ಅದೇ.

ಸರಿಪಡಿಸುವ ಮೊದಲು ಕಡತದ ಒಂದು ಪ್ರತಿ ಬೇರೆ ಕಡೆ ಉಳಿಸಿಕೊಳ್ಳಿ. ಆಮೇಲೆ ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಮೇಲಿನ ಪೆಟ್ಟಿಗೆಯಲ್ಲಿ ಸೊನ್ನೆ, ಕೆಳಗಿನದರಲ್ಲಿ ಅನುಸ್ವಾರ ಕೊಡಿ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಅನುಸ್ವಾರ ಇರುವುದು ಇಂಗ್ಲಿಷಿನ ಎಕ್ಸ್ ಕೀಲಿಯಲ್ಲಿ. ಅದನ್ನು ಒಂಟಿಯಾಗಿ ಒತ್ತಿದರೆ ಪಕ್ಕದಲ್ಲಿ ಚುಕ್ಕಿಗಳ ವೃತ್ತ ಕಾಣಬಹುದು. ಗಾಬರಿ ಬೇಡ, ವೃತ್ತ ಕಡತದೊಳಕ್ಕೆ ಹೋಗುವುದಿಲ್ಲ. ಇಸವಿಗಳನ್ನು 1950 ಎಂದು ಬರೆದಿದ್ದರೆ ಎಲ್ಲವನ್ನೂ ಒಂದೇ ಸಲ ಬದಲಿಸಬಹುದು. ಕನ್ನಡ ಅಂಕಿಗಳಿದ್ದರೆ ೧೯೫೦ರ ಕೊನೆಯ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ. ಆಗ ‘೧ಂ’ ಇದ್ದಲ್ಲಿ ‘೧೦’ ಎಂದು ಹಿಂದಕ್ಕೆ ಬದಲಿಸಿ, ಹೀಗೆ ೯ರವರೆಗೆ ಒಂಬತ್ತು ಸುತ್ತು. ಕೊನೆಗೆ ‘೦ಂ’ ಅನ್ನು ‘೦೦’ ಮಾಡಿ, ಒಂದೂ ಉಳಿಯದವರೆಗೆ ಮತ್ತೆ ಮತ್ತೆ. ತಾರೀಕಿನ ಮೊದಲಿಗೆ ಬರುವ ೦೫ರಂಥವನ್ನು ಮಾತ್ರ ಕಣ್ಣಿಟ್ಟು ಹುಡುಕಬೇಕು.

ಇದರ ಜೊತೆಗೇ ವಿಸರ್ಗವನ್ನೂ ನೋಡಿಬಿಡಿ. ‘ದುಃಖ’ ಬದಲು ಕೋಲನ್ ಹಾಕಿ ‘ದು:ಖ’ ಎಂದು ಬರೆಯುವುದು ತೀರಾ ಸಾಮಾನ್ಯ. ಕೋಲನ್‌ಗೆ ಅದರದೇ ಕೆಲಸವಿರುವುದರಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ‘ದು:’, ‘ಪುನ:’, ‘ಸ್ವತ:’, ‘ಅಂತ:’ ಎಂದು ಒಂದೊಂದಾಗಿ ಹುಡುಕಿ. ಈ ಶ್ರಮ ಹುಡುಕಾಟಕ್ಕಷ್ಟೇ ಅಲ್ಲ. ಕಣ್ಣು ಕಾಣದ ಓದುಗರು ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶದಿಂದ ಕೇಳಿಸಿಕೊಳ್ಳುತ್ತಾರೆ. ಪದದ ನಡುವೆ ಅಂಕಿ ಬಂದರೆ ಆ ಪದ ಅವರ ಕಿವಿಯಲ್ಲಿ ಮುರಿದುಹೋಗುತ್ತದೆ.

ಪ್ರಶ್ನೆ: ‘ಫೇಸ್‌ಬುಕ್’ ಎಂದು ಬರೆಯಲು ಹೋದರೆ ‘ಫೇಸ್ಬುಕ್’ ಆಗುತ್ತದೆ. ‘ರ‍್ಯಾಂಕ್’ ಬರೆದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ದಾರಿ ಇದೆಯೇ?
– ಓದುಗರು, ಮುಂಬಯಿ

ಉತ್ತರ: ಇದೆ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ಒತ್ತಕ್ಷರವಾಗುವುದು ನಿಯಮ. ಅದನ್ನು ತಡೆಯಲು ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಕಣ್ಣಿಗೆ ಕಾಣದ ಅಕ್ಷರವಿದೆ. ವರ್ಡ್‌ನಲ್ಲಿ ‘ಫೇಸ್’ ಬರೆದು, ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ, ಎರಡು, ಸೊನ್ನೆ, ಸೊನ್ನೆ, ಸಿ ಒತ್ತಿ. ಕೂಡಲೇ ಆಲ್ಟ್ ಮತ್ತು ಎಕ್ಸ್ ಒತ್ತಿ. ಬರೆದ ಸಂಖ್ಯೆ ಮಾಯವಾಗುತ್ತದೆ. ಮತ್ತೆ ಕನ್ನಡಕ್ಕೆ ಬಂದು ‘ಬುಕ್’ ಸೇರಿಸಿ.

‘ರ‍್ಯಾಂಕ್’ಗೆ ಕೊನೆಯ ಸಿ ಬದಲು ಡಿ. ಅದು ಜೀರೋ ವಿಡ್ತ್ ಜಾಯಿನರ್ ಎಂಬ, ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ. ಅದರ ಜಾಗವೂ ಬೇರೆ: ರ ಆದ ಮೇಲೆ, ಅರ್ಧಾಕ್ಷರದ ಚಿಹ್ನೆಗಿಂತ ಮೊದಲು. ಬಹಳ ಜನ ತಪ್ಪುವುದು ಇಲ್ಲೇ. ಒಮ್ಮೆ ಸರಿಯಾಗಿ ಬಂದ ಪದವನ್ನು ಆಟೋಕರೆಕ್ಟ್ ಪಟ್ಟಿಗೆ ಸೇರಿಸಿಟ್ಟರೆ ಪ್ರತಿಸಲ ಈ ಕಸರತ್ತು ಬೇಡ. ಕಾಣದ ಅಕ್ಷರವೂ ಅಕ್ಷರವೇ. ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಟ್ಟರೆ ಶಿರಸಿಯ ಓದುಗರಿಗೆ ಆದ ತೊಂದರೆಯೇ ನಿಮಗೂ ಆದೀತು. ಒಂದು ಬರಹದಲ್ಲಿ ಒಂದೇ ರೂಪ ಇರಲಿ.

ಪ್ರಶ್ನೆ: ‘ಹಾರ್ಧಿಕ ಶುಭಾಷಯಗಳು’ ಎಂದು ನನ್ನ ಫೋನೇ ಸೂಚಿಸುತ್ತದೆ. ಸರಿಯೇ?
– ಓದುಗರು, ಹಾಸನ

ಉತ್ತರ: ಎರಡೂ ತಪ್ಪು. ಹೃದಯದ ‘ದ’ ಅಲ್ಪಪ್ರಾಣ, ಆದ್ದರಿಂದ ‘ಹಾರ್ದಿಕ’. ಶುಭ ಮತ್ತು ಆಶಯ ಸೇರಿ ‘ಶುಭಾಶಯ’. ಇಲ್ಲಿ ಭಾಷೆಯ ‘ಷ’ಕ್ಕೆ ಜಾಗವಿಲ್ಲ. ಹಿಂದೆ ಬರೆದದ್ದನ್ನೇ ಫೋನ್ ಕಲಿತಿರುತ್ತದೆ. ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಬಳಸುತ್ತಿದ್ದರೆ ಸಲಹೆಯಾಗಿ ಬಂದ ತಪ್ಪು ಪದವನ್ನು ಒತ್ತಿಹಿಡಿದು, ತೆರೆಯಲ್ಲಿ ಮೂಡುವ ಕಸದ ಬುಟ್ಟಿಗೆ ಎಳೆದು ಬಿಡಿ.