ಗಂಟಲಿಗೆ ಮರಗಟ್ಟಿಸುವ ಔಷಧಿ ಹಾಕಿ ಓಪಿಡಿಯಲ್ಲೇ ಮಾಡುವ ಬಯಾಪ್ಸಿಯನ್ನು ಎಷ್ಟು ನಂಬಬಹುದು?

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇದೆ ಎಂದು ಬಂದರೆ ಬಹುಮಟ್ಟಿಗೆ ನಂಬಬಹುದು. ಇಲ್ಲ ಎಂದು ಬಂದರೆ ಅಷ್ಟಕ್ಕೇ ನಿಶ್ಚಿಂತೆಯಾಗಿ ಕೂರುವಂತಿಲ್ಲ. ಧ್ವನಿಪೆಟ್ಟಿಗೆಯ ಬಯಾಪ್ಸಿಗಳ ಅಧ್ಯಯನಗಳನ್ನು ನೋಡಿದರೆ, ನಿಜಕ್ಕೂ ಕ್ಯಾನ್ಸರ್ ಇದ್ದವರಲ್ಲಿ ಇದು ಪತ್ತೆಹಚ್ಚಿದ್ದು ಸರಿಸುಮಾರು ಶೇ. 70ರ ಆಸುಪಾಸು.

ಕಾರಣ, ಬಯಾಪ್ಸಿ ಪರೀಕ್ಷೆಗೆಂದು ಗಂಟಲಿನಿಂದ ತೆಗೆಯುವ ಚೂರು ತೀರಾ ಚಿಕ್ಕದು. ಮೂಗಿನಿಂದ ಇಳಿಸುವ ಕ್ಯಾಮೆರಾ ಕೊಳವೆ, ಅಂದರೆ ಎಂಡೋಸ್ಕೋಪ್‌ನೊಳಗಿನ ದಾರಿಯೇ ಸುಮಾರು 2 ಮಿಲಿಮೀಟರ್ ಅಗಲ. ಅದರಲ್ಲಿ ತೂರುವ ಚಿಮುಟ ಇನ್ನೂ ಸಣ್ಣದು. ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಹಾಕಿದ್ದರೂ ರೋಗಿ ಎಚ್ಚರವಾಗಿರುತ್ತಾರೆ, ನುಂಗುತ್ತಾರೆ, ಕೆಮ್ಮುತ್ತಾರೆ. ಹಾಗಾಗಿ ಕೈಗೆ ಸಿಗುವುದು ಹೆಚ್ಚಾಗಿ ಮೇಲ್ಪದರ ಮಾತ್ರ. ಆದರೆ ಒಳಗೆ ಹರಡುವ ಕ್ಯಾನ್ಸರ್ ಎಂದು ಖಚಿತವಾಗಿ ಹೇಳಲು, ಕೆಟ್ಟ ಕೋಶಗಳು ಮೇಲ್ಪದರ ದಾಟಿ ಕೆಳಗೆ ನುಗ್ಗಿರುವುದು ಕಾಣಬೇಕು. ಆ ಕೆಳಪದರವೇ ಚೂರಿನಲ್ಲಿ ಇಲ್ಲದಿದ್ದರೆ ಪೆಥಾಲಜಿ ಡಾಕ್ಟರ್ ತಾನೇ ಏನು ಹೇಳಬಲ್ಲರು, ಅಲ್ವಾ? ದಪ್ಪ ಬಿಳಿ ಮಚ್ಚೆಗಳಲ್ಲಿ ಈ ತೊಂದರೆ ಜಾಸ್ತಿ.

ಹಾಗಂತ ಈ ಬಯಾಪ್ಸಿ ಸುಮ್ನೆ ಅಲ್ಲ. ಪೂರ್ತಿ ಅರಿವಳಿಕೆ ಬೇಡ, ಅವತ್ತೇ ಮನೆಗೆ ಹೋಗಬಹುದು, ಕ್ಯಾನ್ಸರ್ ಇದೆ ಎಂದು ಬಂದರೆ ಚಿಕಿತ್ಸೆಯೂ ಬೇಗ ಶುರುವಾಗುತ್ತದೆ. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ರಿಪೋರ್ಟ್ ಚೆನ್ನಾಗಿದ್ದೂ ಗಂಟಲಿನ ಆ ಭಾಗ ನೋಡಲು ಅನುಮಾನ ಹುಟ್ಟಿಸುವಂತಿದ್ದರೆ, ಅಥವಾ ದನಿ ಒಡೆದಿರುವುದು ಸರಿಹೋಗದಿದ್ದರೆ, ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಕೊಟ್ಟು ಆಳವಾದ ಚೂರು ತೆಗೆಸಬೇಕು. ದಯವಿಟ್ಟು ಇದನ್ನು ಮುಂದೂಡಬೇಡಿ.